ಯಾವಗಲ್ ಸ್ಟೇಷನ್ನಿನ ಬೇವಿನ ಮರ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಸುಮ್ಮನೆ ಕೇಳಿಸಿಕೊಂಡು, ಮನಸ್ಸಿನಲ್ಲೇ ಒಂದು ಕಾರಣ ಹುಡುಕಿ ಮುಗಿಸಿಬಿಡುತ್ತಿದ್ದೆ. ಭೌತಶಾಸ್ತ್ರ ಓದಿದವಳು. ಇದನ್ನು ನಂಬಿ ಎಂದು ನಿಮಗೂ ಹೇಳುತ್ತಿಲ್ಲ.

ನರಗುಂದದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನಾನು ನ್ಯಾರೋಗೇಜ್ ರೈಲಿನ ಪುಟ್ಟ ಮಾದರಿ ಕಟ್ಟುತ್ತೇನೆ. ನರಗುಂದದಿಂದ ಯಾವಗಲ್, ರೋಣ ದಾಟಿ ಗಜೇಂದ್ರಗಡಕ್ಕೆ ಹೋಗುವ ಆ ಮಾರ್ಗ ಇರುವುದು ನನ್ನ ಹಲಗೆಯ ಮೇಲೆ ಮಾತ್ರ. ಒಂದು ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಎರೆಮಣ್ಣಿನಲ್ಲಿ ಪ್ರಯಾಣಿಕರನ್ನು ಮಾಡಿದೆ. ಪಟಕಾ ಸುತ್ತಿದ ಒಬ್ಬ, ನಮ್ಮ ಅಜ್ಜ. ಅವನನ್ನು ನರಗುಂದದ ಪ್ಲಾಟ್‌ಫಾರ್ಮಿಗೆ ಅಂಟಿಸಿದೆ.

"ಎಷ್ಟೊತ್ತು ನಿಂದರಸ್ತೀಯವಾ ನನ್ನ? ಕಾಲು ನೋಯ್ತಾವು" ಎಂದು ಅದನ್ನು ನೋಡಿ ಅಜ್ಜ ನಕ್ಕಿದ್ದ. ಆಗಲೇ ಅವನಿಗೆ ಮರೆವು ಶುರುವಾಗಿತ್ತು.

ಮುಂದೊಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅಜ್ಜ ಮನೆಯಲ್ಲಿರಲಿಲ್ಲ. ಬಸ್‌ಸ್ಟ್ಯಾಂಡು, ಪ್ಯಾಟಿ, ಗುಡ್ಡದ ಬುಡ ಎಲ್ಲ ಕಡೆ ಹುಡುಕಿದೆವು. ಹೊತ್ತು ಮುಳುಗಿತು. ಟಾರ್ಚ್ ತರಲೆಂದು ಕೋಣೆಯ ಬೀಗ ತೆಗೆದೆ. ಅದರ ಕೀಲಿ ನನ್ನ ಬ್ಯಾಗಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಹಲಗೆಯ ಮೇಲೆ, ನರಗುಂದದ ಪ್ಲಾಟ್‌ಫಾರ್ಮಿನಲ್ಲಿ ಮಣ್ಣಿನ ಅಜ್ಜ ಇರಲಿಲ್ಲ. ಯಾವಗಲ್ ಸ್ಟೇಷನ್ನಿನ ಬೇವಿನ ಮರದ ಕೆಳಗೆ ನಿಂತಿದ್ದ. ಯಾವಗಲ್ಲಿನಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ನಿಜವಾದ ಮರವೊಂದನ್ನು ನೋಡಿಯೇ ಆ ಮರ ಮಾಡಿದ್ದೆ. ಬೊಂಬೆಯನ್ನು ಮುಟ್ಟಿದೆ. ಗಟ್ಟಿಯಾಗಿ ಅಂಟಿಕೊಂಡಿತ್ತು. ಮೊದಲಿದ್ದ ಪ್ಲಾಟ್‌ಫಾರ್ಮಿನ ಮೇಲೆ ಅಂಟಿನ ಕಲೆಯೂ ಉಳಿದಿರಲಿಲ್ಲ.

ಕೆಳಗೆ ಬಂದು, "ಅಪ್ಪಾ, ಯಾವಗಲ್ಲಿಗೆ ಹೋಗೂಣು ನಡಿ" ಎಂದೆ.

"ಅಲ್ಲಿ ಯಾರದಾರ ನಮ್ಮವರು? ನಿನಗೂ ತಲಿ ಕೆಟ್ಟೈತೇನು?"

"ಒಮ್ಮೆ ನೋಡಿ ಬರೂಣು." ಬೇರೆ ದಾರಿ ಕಾಣದೆ ಅಪ್ಪ ಬೈಕ್ ತೆಗೆದ.

ಯಾವಗಲ್ಲಿನ ಆ ಬೇವಿನ ಮರದ ಕೆಳಗೆ, ಚಪ್ಪಲಿ ಪಕ್ಕಕ್ಕಿಟ್ಟುಕೊಂಡು ಅಜ್ಜ ಕುಳಿತಿದ್ದ. ನಮ್ಮನ್ನು ಕಂಡು, "ಲಗೂನ ಬಂದ್ರಲ್ಲ! ಗಾಡಿ ಇನ್ನೂ ಬಂದಿಲ್ಲ" ಎಂದ.

ಬೈಯಲು ಬಾಯಿ ತೆರೆದ ಅಪ್ಪ ಅವನ ಕೈ ಹಿಡಿದು ಅಲ್ಲೇ ಕುಕ್ಕರಿಸಿಬಿಟ್ಟ. "ಯಾವ ಗಾಡಿ, ಅಪ್ಪಾ? ನಮ್ಮ ಜೀವ ಹೋಗಿತ್ತಲ್ಲೋ."

"ಹೋಗಿದ್ರ ಹೆಂಗ ಬರ್ತಿದ್ದೀ ಇಲ್ಲಿತನಕ?" ಎಂದ ಅಜ್ಜ.

ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ನಾನೇ ಬೊಂಬೆಯನ್ನು ಕಿತ್ತು ಅಲ್ಲಿಟ್ಟು ಮರೆತೆನೇ? ಹಾಗಿದ್ದರೂ ಅಜ್ಜ ಅಲ್ಲಿಗೇ ಯಾಕೆ ಹೋದ? ಯಾವಗಲ್ ಅಂತ ಹ್ಯಾಂಗ ಗೊತ್ತಾತು ಎಂದು ಅಪ್ಪ ಈಗಲೂ ಕೇಳುತ್ತಾನೆ. ಸುಮ್ಮನೆ ಅನಿಸಿತು ಅನ್ನುತ್ತೇನೆ. ಅದಕ್ಕಿಂತ ಹೆಚ್ಚೇನೂ ನನಗೂ ಗೊತ್ತಿಲ್ಲ. ಆದರೆ ಮರಳಿ ಬರುವಾಗ ಅಪ್ಪನಿಗೂ ನನಗೂ ನಡುವೆ ಕುಳಿತ ಅಜ್ಜ ದಾರಿಯುದ್ದಕ್ಕೂ ತೂಕಡಿಸುತ್ತಿದ್ದ. ಬೀಳದಂತೆ ಅವನನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದೆ. ಅವನ ಬೆನ್ನು ಬೆಚ್ಚಗಿತ್ತು.