ಹಿಮ್ಮಡಿಗೆ ಹೊಡೆಯುವ ಚೆನ್ನಪ್ಪಣ್ಣ

ಬಂಡೆ ಹತ್ತಲಿಕ್ಕೆ ಶೂ ಬೇಕು ಎಂದು ಮಣಿಪಾಲದ ಹುಡುಗನೊಬ್ಬ ಮೊದಲ ಸಲ ಕೇಳಿದಾಗ ನಾನು ಅವನಿಗೆ ಭಕ್ತಿಯ ಪಾಠ ಹೇಳಿದ್ದೆ.

೧೯೮೨ರ ಮಾತು. ಉಡುಪಿ ಪೇಟೆಯ ಒಂದು ಚಪ್ಪಲಿ ಅಂಗಡಿಯಲ್ಲಿ ನಾನು ಸೇಲ್ಸ್‌ಮ್ಯಾನ್. ಕಾಪುವಿನಲ್ಲಿ ನಮ್ಮ ಮನೆಯವರೆಲ್ಲ ಕಡಲಿಗೆ ಹೋಗುವವರು. ನಾನೊಬ್ಬ ಮಾತ್ರ ದೋಣಿ ಅಲುಗಿದರೆ ವಾಂತಿ ಮಾಡುವವನು. ಹಾಗಾಗಿ ದಿನಾ ಬಸ್ಸು ಹಿಡಿದು ಬಂದು ಊರವರ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೊಟ್ಟೆ ಹೊರೆಯುತ್ತಿದ್ದೆ.

"ಎಲ್ಲಿಯ ಬಂಡೆ?" ಎಂದೆ.

"ಕಾರ್ಕಳದ್ದು."

ಕಾರ್ಕಳದ ಬಂಡೆ ಎಂದರೆ ನನಗೆ ಗೊತ್ತಿದ್ದದ್ದು ಗೊಮ್ಮಟನ ಬೆಟ್ಟ ಒಂದೇ. ಏನೋ ಹರಕೆ ಇರಬೇಕು ಎಂದುಕೊಂಡೆ. "ಅಲ್ಲಿ ಶೂ ಕಳಚಲೇಬೇಕು ಮಾರಾಯ್ರೆ. ಸುಮ್ಮನೆ ಯಾಕೆ? ಒಂದು ಜೊತೆ ರಬ್ಬರ್ ಚಪ್ಪಲಿ ಕೊಡುತ್ತೇನೆ. ಯಾರಾದರೂ ಕದ್ದರೂ ಬೇಸರ ಇಲ್ಲ, ದೇವರ ಮೇಲೆ ಗಮನ ಇರುತ್ತದೆ."

ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬೆಂಜಮಿನ್ ಎಂದು ಹೆಸರು, ಮಂಗಳೂರಿನವನು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. "ಮೆಟ್ಟಿಲಿಲ್ಲದ ಬಂಡೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೈಕಾಲಲ್ಲಿ ಹತ್ತುವುದು."

"ಮೇಲೆ ಎಂತ ಉಂಟು?"

"ಎಂತದೂ ಇಲ್ಲ."

"ಮತ್ತೆ?"

"ಮತ್ತೆ ಇಳಿಯುವುದು."

ಎಂಟು ನಂಬರಿನ ಕಾಲಿಗೆ ಅವನು ಏಳು ನಂಬರಿನ ಕ್ಯಾನ್ವಾಸ್ ಶೂ ಕೇಳಿದ. ಕೊಡಲಿಕ್ಕೆ ನನಗೆ ಮನಸ್ಸೇ ಬರಲಿಲ್ಲ. ನಮ್ಮ ಅಂಗಡಿಯ ಧಣಿ ರಾಮದಾಸರು ನನಗೆ ಕಲಿಸಿದ್ದ ವಿದ್ಯೆ ಒಂದೇ: ಗಿರಾಕಿಯ ಹೆಬ್ಬೆರಳಿನ ಮುಂದೆ ನಿನ್ನ ಹೆಬ್ಬೆರಳು ಇಟ್ಟು ಒತ್ತಿ ನೋಡು, ಅಷ್ಟು ಜಾಗ ಇರಬೇಕು. ನಮ್ಮ ಕಡೆ ಎಲ್ಲರೂ ಹಾಗೇ ಕೊಳ್ಳುವುದು. ಮಕ್ಕಳಿಗಾದರೆ ಎರಡು ಹೆಬ್ಬೆರಳು, ಬೆಳೆಯುವ ಕಾಲು ಅಲ್ವಾ.

"ಕಾರ್ಕಳದ ಚೆನ್ನಪ್ಪಣ್ಣ ಹೇಳಿ ಕಳಿಸಿದ್ದು. ದೊಡ್ಡ ಬೂಟು ತಂದರೆ ಹೊಡೆಯುತ್ತಾರೆ" ಎಂದ ಬೆಂಜಮಿನ್. ತಮಾಷೆ ಎಂದುಕೊಂಡೆ.

ತಿಂಗಳೊಳಗೆ ಇನ್ನೂ ನಾಲ್ಕು ಹುಡುಗರು ಬಂದು ಹಾಗೇ ಬಿಗಿ ಶೂ ಕೊಂಡುಹೋದಾಗ, ಯಾರಪ್ಪ ಈ ಚೆನ್ನಪ್ಪಣ್ಣ ಎಂದು ಒಂದು ಭಾನುವಾರ ಕಾರ್ಕಳಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮುಚ್ಚಿದ ಗೋದಾಮಿನ ಜಗಲಿ. ಅಲ್ಲಿ ಲಾರಿಯ ಹಳೆಯ ಟ್ಯೂಬು, ರಬ್ಬರ್ ಅಂಟಿಸುವ ಸೊಲ್ಯೂಷನ್ ಡಬ್ಬಿ, ಬೂಟು ಕವುಚಿಡುವ ಕಬ್ಬಿಣದ ಮುಕ್ಕಾಲಿ. ನಡುವೆ ಐವತ್ತರ ಆಸುಪಾಸಿನ, ಕಲ್ಲಿನಲ್ಲಿ ಕಡೆದಂತಹ ತೋಳಿನ ಮನುಷ್ಯ. ಎಡಗಾಲಿನಲ್ಲಿ ಮೂರೇ ಬೆರಳು.

ನಾನು ನನ್ನ ಪರಿಚಯ ಹೇಳಿದೆ. ಅವರು ಮುಖ ನೋಡಲಿಲ್ಲ, ನನ್ನ ಶೂ ನೋಡಿದರು. "ಜಗಲಿಯ ಅಂಚಿನಲ್ಲಿ ನಿಲ್ಲು. ಹಿಮ್ಮಡಿ ಹೊರಗೆ, ಹೆಬ್ಬೆರಳ ಮೇಲೆ."

ನಿಂತೆ. ಹಿಂದಿನಿಂದ ಮರದ ಕೊಡತಿ ಬಂದು ಹಿಮ್ಮಡಿಯ ಪಕ್ಕಕ್ಕೆ ಬಡಿಯಿತು. ಶೂ ಇದ್ದಲ್ಲೇ ಇತ್ತು, ಅದರೊಳಗೆ ನನ್ನ ಪಾದ ತಿರುಗಿಹೋಯಿತು, ನಾನು ಗಲ್ಲ ಮುಂದಾಗಿ ಜಗಲಿಯ ಮೇಲೆ ಬಿದ್ದೆ. ಬಾಯಿತುಂಬ ರಕ್ತ.

"ನಿನ್ನದು ಎಂಟರ ಕಾಲು, ಒಂಬತ್ತರ ಬೂಟು" ಎಂದರು ಚೆನ್ನಪ್ಪಣ್ಣ. "ಚಪ್ಪಲಿ ಮಾರುವವನೇ ಹೀಗಾದರೆ ಊರು ಉದ್ಧಾರ ಆಯಿತು."

ಅದೇ ಅವರ ಪರೀಕ್ಷೆ. ಯಾರೇ ಬರಲಿ, ಅಂಚಿನಲ್ಲಿ ನಿಲ್ಲಿಸಿ ಕೊಡತಿಯಿಂದ ಒಂದು ಕೊಡುವುದು. ಪಾದ ಒಳಗೆ ತಿರುಗಿದರೆ ಬೂಟು ಎತ್ತಿ ರಸ್ತೆಗೆ ಎಸೆಯುವುದು. "ಕಾಲು ಬೊಬ್ಬೆ ಹಾಕಬೇಕು, ಬೂಟು ಬಾಯಿ ಮುಚ್ಚಿಕೊಂಡಿರಬೇಕು" ಎನ್ನುತ್ತಿದ್ದರು. ದಾಟಿದವರ ಬೂಟಿಗೆ ಮಾತ್ರ ಹಳೆಯ ಅಟ್ಟೆ ಕಿತ್ತು ಟ್ಯೂಬಿನ ರಬ್ಬರ್ ಹಚ್ಚಿ ಕೊಡುತ್ತಿದ್ದರು. ಒದ್ದೆಯಿಲ್ಲದ ಬಂಡೆಗೆ ಅದು ಹಲ್ಲಿಯ ಕಾಲಿನ ಹಾಗೆ ಕಚ್ಚುತ್ತಿತ್ತು.

ಆಮೇಲೆ ನಾನು ತಿಂಗಳಿಗೊಮ್ಮೆ ಹೋಗತೊಡಗಿದೆ. ಪೆಟ್ಟು ತಿಂದ ಮೇಲೆ ಅಷ್ಟಾದರೂ ಹಕ್ಕು ಬೇಡವೇ? ಅವರ ಕಥೆ ಒಂದೇ ಸಲಕ್ಕೆ ಸಿಗಲಿಲ್ಲ. ಹದಿನಾರನೇ ವಯಸ್ಸಿನಿಂದ ಕಲ್ಲಿನ ಕೋರೆಯಲ್ಲಿ ಕೆಲಸ, ಬರಿಗಾಲಲ್ಲೇ ಬಂಡೆ ಏರಿ ಕುಳಿ ಹೊಡೆಯುವವರು. ಒಂದು ವರ್ಷ ಕಂಟ್ರಾಕ್ಟರ್ ಎಲ್ಲಿಂದಲೋ ಮಿಲಿಟರಿಯ ಹಳೆ ಬೂಟು ತಂದು ಹಂಚಿದ. ಇವರಿಗೆ ಸಿಕ್ಕಿದ್ದು ಎರಡು ನಂಬರು ದೊಡ್ಡದು. ಜೀವನದ ಮೊದಲ ಬೂಟು, ಬೇಡ ಎನ್ನಲು ಮನಸ್ಸಾಗಲಿಲ್ಲ, ಮುಂದೆ ತೆಂಗಿನ ನಾರು ತುಂಬಿ ಹಾಕಿಕೊಂಡರು. ಮೂರನೆಯ ದಿನ ಬೂಟಿನೊಳಗೆ ಕಾಲು ತಿರುಗಿತು, ಕೈಯ ಹಾರೆ ತಪ್ಪಿತು, ಸಡಿಲಾಗಿದ್ದ ಚಪ್ಪಡಿ ಜಾರಿತು. ಕೆಳಗೆ ನಿಂತಿದ್ದ ಒಡಹುಟ್ಟಿದ ತಮ್ಮ ಗಣಪನ ತಲೆ ಎಳನೀರಿನ ಹಾಗೆ ಒಡೆಯಿತು. ಚಪ್ಪಡಿಯ ಅಂಚಿಗೆ ಸಿಕ್ಕಿ ಇವರ ಕಾಲಿನ ಎರಡು ಬೆರಳು ಹೋಯಿತು.

"ಬೆರಳು ಬೂಟಿನೊಳಗೇ ಉಳಿದಿತ್ತು" ಎಂದರು ಒಮ್ಮೆ, ರಬ್ಬರಿಗೆ ಸೊಲ್ಯೂಷನ್ ಹಚ್ಚುತ್ತಾ. "ಅಷ್ಟು ಜಾಗ ಇತ್ತು ಅದರಲ್ಲಿ."

ಬೂಟು ಕೊಳ್ಳುವುದನ್ನು ನನಗೆ ಕಲಿಸಿದ್ದು ಅವರೇ, ಧಣಿಗಳಲ್ಲ. ಬೆಳಿಗ್ಗೆ ಅಳೆಯಬೇಡ, ಸಂಜೆ ಅಳೆ, ನಡೆದು ನಡೆದು ಕಾಲು ಉಬ್ಬಿರುತ್ತದೆ. ಎರಡೂ ಪಾದ ನೋಡು, ಸಮ ಇರುವುದೇ ಇಲ್ಲ. ಕಾಲುಚೀಲ ಬೇಡ. ಬೆರಳಿನ ಗಂಟು ಸ್ವಲ್ಪ ಮಡಿಯಬೇಕು, ಆದರೆ ಒಂದರ ಮೇಲೊಂದು ಹತ್ತಬಾರದು. ಹಿಮ್ಮಡಿಯಲ್ಲಿ ಕಡ್ಡಿಯೂ ನುಗ್ಗಬಾರದು. ಕ್ಯಾನ್ವಾಸು ಬೆವರಿಗೆ ಹಿಗ್ಗುತ್ತದೆ, ಇಂದು ಸರಿಯಾದದ್ದು ಬರುವ ತಿಂಗಳು ದೊಡ್ಡದು. ಇಷ್ಟನ್ನೂ ತಲೆಗೆ, ಬೆನ್ನಿಗೆ ಒಂದೊಂದು ಪೆಟ್ಟಿನೊಡನೆ ಹೇಳಿಕೊಟ್ಟರು. ನನಗೆ ಎಲ್ಲವೂ ಬಾಯಿಪಾಠ.

ಬಾಯಿಪಾಠ ಇದ್ದು ಏನು ಮಾಡುವುದು?

ಮರುವರ್ಷ ಮಾರ್ಚಿನಲ್ಲಿ ಹಯಗ್ರೀವ ಎಂಬ ಹುಡುಗ ತಾಯಿಯೊಡನೆ ಅಂಗಡಿಗೆ ಬಂದ. ಬೆಂಜಮಿನ್ನನ ಜೂನಿಯರ್. ಏಳರ ಕಾಲು, ಆರು ಕೊಡಬೇಕಿತ್ತು. ಆರೂ ಇರಲಿಲ್ಲ, ಏಳೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಧಣಿಗಳು ಕೆಮ್ಮಿದರು. ಗಿರಾಕಿ ಬರಿಗೈಯಲ್ಲಿ ಹೋಗಬಾರದು ಎಂದು ಆ ಕೆಮ್ಮಿನ ಅರ್ಥ.

"ಎಂಟು ಉಂಟು" ಎಂದೆ.

"ಎಂಟೇ ಇರಲಿ. ಬೆಳೆಯುವ ಕಾಲು" ಎಂದರು ತಾಯಿ ವೇದಾವತಿಯಮ್ಮ. ಹುಡುಗನಿಗೆ ಇಪ್ಪತ್ತು ವರ್ಷ, ಮೀಸೆ ಇತ್ತು.

ನಾನು ಶೂವಿನ ಮೂತಿಗೆ ಹತ್ತಿ ತುರುಕಿದೆ. ಹೆಬ್ಬೆರಳಿಟ್ಟು ಒತ್ತಿದೆ. "ಫಸ್ಟ್ ಕ್ಲಾಸ್" ಎಂದೆ.

ಹತ್ತು ದಿನ ಬಿಟ್ಟು, ಒಂದು ಶನಿವಾರ ಬೆಂಜಮಿನ್ ಅಂಗಡಿಗೆ ಬಂದ. ಅಂಗಿಯ ತೋಳಿನಲ್ಲಿ ಒಣಗಿದ ರಕ್ತ. ಹಯಗ್ರೀವ ಬಂಡೆಯಿಂದ ಬಿದ್ದಿದ್ದ. ಸಣ್ಣ ಅಂಚಿನ ಮೇಲೆ ನಿಂತಿದ್ದವನ ಕಾಲು ಜಾರಿ, ಹಗ್ಗ ಬಿಗಿಯಾಗುವ ಮೊದಲು ಕಲ್ಲಿಗೆ ಎರಡು ಸಲ ಬಡಿದಿದ್ದ. ತೊಡೆಯ ಎಲುಬು ಪ್ಯಾಂಟು ಹರಿದು ಹೊರಗೆ ಬಂದಿತ್ತು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಹೇಳಿರಲಿಲ್ಲ.

"ಅಟ್ಟೆ ಕಿತ್ತು ಬಂದಿದೆ" ಎಂದ ಬೆಂಜಮಿನ್. "ಆ ಕಾರ್ಕಳದ ಮುದುಕನ ಕೆಲಸ. ನಾಳೆ ನಾವು ಆರು ಜನ ಹೋಗುತ್ತೇವೆ. ಇನ್ನು ಅವನು ಬೂಟು ಮುಟ್ಟಬಾರದು, ಹಾಗೆ ಮಾಡಿ ಬರುತ್ತೇವೆ."

ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೇ ಗೊತ್ತಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟೆ. ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದೆ. ಹತ್ತಿಯ ವಿಷಯ ಹೇಳಿಬಿಡಬೇಕು, ಚೆನ್ನಪ್ಪಣ್ಣನನ್ನು ಜಗಲಿಯಿಂದ ಎಬ್ಬಿಸಿ ಎಲ್ಲಾದರೂ ಕಳಿಸಬೇಕು ಎಂದುಕೊಂಡಿದ್ದೆ. ಧೈರ್ಯಕ್ಕೆಂದು ಮೊದಲು ಜಗಲಿಯ ಎದುರಿನ ಹೋಟೆಲಿನಲ್ಲಿ ಒಂದು ಪ್ಲೇಟು ಗೋಳಿಬಜೆ ತೆಗೆದುಕೊಂಡೆ. ಮೂರನೆಯ ಗೋಳಿಬಜೆಯಲ್ಲಿರುವಾಗ ಆ ಆರು ಹುಡುಗರು ಬಂದರು.

ಮಾತೇ ಇರಲಿಲ್ಲ. ಒಬ್ಬ ಸೊಲ್ಯೂಷನ್ ಡಬ್ಬಿಗೆ ಒದ್ದ, ಇನ್ನೊಬ್ಬ ಚೆನ್ನಪ್ಪಣ್ಣನ ಎದೆಗೆ. ಅವರು ಕೂತಲ್ಲಿಂದಲೇ ಕೊಡತಿ ಬೀಸಿದರು. ಒಬ್ಬನ ಮೊಣಕಾಲಿಗೆ ಬಿದ್ದು ಅವನು ರಸ್ತೆಗೆ ಉರುಳಿದ. ಎರಡನೆಯ ಬೀಸಿಗೆ ಇನ್ನೊಬ್ಬನ ಮೂಗು ಹೋಯಿತು. ಮೂರನೆಯದಕ್ಕೆ ನಾಲ್ವರು ಒಟ್ಟಿಗೆ ಮೇಲೆ ಬಿದ್ದರು. ಹೊಟ್ಟೆಗೆ, ಪಕ್ಕೆಗೆ, ಮುಖಕ್ಕೆ ಒದ್ದರು. ಹುಲ್ಲು ಸುತ್ತಿದ ಅಕ್ಕಿಮುಡಿ ಬಡಿದ ಹಾಗೆ ಸದ್ದು. ಅಂಗಡಿಯವರು ಯಾರೂ ಎದ್ದು ಬರಲಿಲ್ಲ. ಬೂಟು ಹೊಲಿಯುವವನಿಗೆ ಬೀಳುವ ಪೆಟ್ಟು ಯಾರ ಮನೆಯ ಪೆಟ್ಟೂ ಅಲ್ಲ. ನಾನಂತೂ ಹೋಟೆಲಿನ ಕಂಬದ ಹಿಂದೆ, ಬಾಯಲ್ಲಿ ಗೋಳಿಬಜೆ.

ಬೆಂಜಮಿನ್ ಚೆನ್ನಪ್ಪಣ್ಣನ ಬಲಗೈಯನ್ನು ಮುಕ್ಕಾಲಿಯ ಮೇಲಿಟ್ಟು ಮಂಡಿಯಿಂದ ಒತ್ತಿ ಹಿಡಿದ. ಅವರದೇ ಕೊಡತಿ ಎತ್ತಿದ. "ಒಪ್ಪಿಕೋ. ಅಟ್ಟೆ ನಿನ್ನದೇ ತಾನೇ? ಕಿತ್ತುಹೋಗುವ ಹಾಗೆ ಹಚ್ಚಿದ್ದು ನೀನೇ ತಾನೇ?"

"ಅಟ್ಟೆ ನನ್ನದೇ" ಎಂದರು ಚೆನ್ನಪ್ಪಣ್ಣ, ರಕ್ತ ಉಗುಳಿ. "ಅದು ಅಂಟು ಬಿಟ್ಟು ಕಿತ್ತದ್ದಲ್ಲ, ಎಳೆತಕ್ಕೆ ಹರಿದದ್ದು. ಬೂಟು ತಂದಿದ್ದರೆ ನೋಡು, ಕುರುಡ."

ಕೊಡತಿ ಇಳಿಯಿತು. ಹೆಬ್ಬೆರಳು. ಆ ಸದ್ದು ನನಗೆ ರಸ್ತೆಯ ಈಚೆ ಕೇಳಿಸಿತು.

ಮತ್ತೆ ಎತ್ತಿದಾಗ ನಾನು ಓಡಿದೆ. ಶೌರ್ಯ ಎನ್ನಬೇಡಿ. ಎರಡನೆಯ ಸಲ ಆ ಸದ್ದು ಕೇಳುವ ಶಕ್ತಿ ನನಗಿರಲಿಲ್ಲ, ಅಷ್ಟೇ. "ಎಂಟು ನಂಬರು ಕೊಟ್ಟದ್ದು ನಾನು!" ಎಂದು ಕಿರುಚಿದೆ. "ಅವನದು ಏಳರ ಕಾಲು. ಹತ್ತಿ ತುರುಕಿದೆ. ಕಾಲು ತಿರುಗಿದ್ದು ಬೂಟಿನೊಳಗೆ. ತೆಗೆದು ನೋಡಿ!"

ಬೆಂಜಮಿನ್ ಹೆಗಲ ಚೀಲದಿಂದ ಆ ಶೂ ತೆಗೆದ. ಒಳಗೆ ಬೆರಳು ಹಾಕಿದ. ಹತ್ತಿ ಹೊರಗೆ ಬಂತು, ಚಪ್ಪಟೆಯಾಗಿ, ಕಂದು ಬಣ್ಣದಲ್ಲಿ. ಆಮೇಲೆ ಅದನ್ನು ನನ್ನ ಬಾಯಿಗೆ ತುರುಕಿ, ಅದರ ಮೇಲೆಯೇ ಗುದ್ದಿ, ಬಿದ್ದವನ ಪಕ್ಕೆಗೆ ಒದ್ದ.

ಎರಡು ಹಲ್ಲು, ಒಂದು ಪಕ್ಕೆಲುಬು. ಸೋಮವಾರ ಧಣಿಗಳು ನನ್ನ ಮುಖ ನೋಡಿ, ಇಂಥ ಮುಖ ಅಂಗಡಿಗೆ ಆಗುವುದಿಲ್ಲ ಎಂದು ಮನೆಗೆ ಕಳಿಸಿದರು. ಹಯಗ್ರೀವನ ಕಾಲು ಉಳಿಯಿತು, ಎರಡು ಇಂಚು ಗಿಡ್ಡವಾಗಿ. ಅದೆಲ್ಲ ಆಮೇಲಿನ ಮಾತು.

ಆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕಾರ್ಕಳದ ಆಸ್ಪತ್ರೆಯ ಬೆಂಚಿನಲ್ಲಿ ಒತ್ತಾಗಿ ಕೂತಿದ್ದೆವು. ಚೆನ್ನಪ್ಪಣ್ಣನ ಬಲಗೈಗೆ ಸುತ್ತಿದ ಹೆಗಲ ಮೇಲಿನ ಬೈರಾಸಿನ ಬಟ್ಟೆಯಿಂದ ರಕ್ತ ಇಳಿಯುತ್ತಿತ್ತು. ಹೆಬ್ಬೆರಳು ಇನ್ನು ಕತ್ತಿ ಹಿಡಿಯಲಿಕ್ಕಿಲ್ಲ ಎಂದು ಕಂಪೌಂಡರ್ ಆಗಲೇ ಹೇಳಿಯಾಗಿತ್ತು. ನನ್ನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಅವರು ಎಡಗೈಯಿಂದ ಬೈರಾಸು ಬಿಗಿ ಮಾಡಿಕೊಂಡರು, ಅಷ್ಟೇ. ಅದಕ್ಕಿಂತ ಕೊಡತಿಯೇ ಲೇಸು ಎನಿಸಿ, ಕೇಳಬಾರದ್ದನ್ನು ಕೇಳಿದೆ.

"ಚೆನ್ನಪ್ಪಣ್ಣ, ಆ ಹುಡುಗ ಬೂಟು ತಂದಾಗ ನೀವು ಹಿಮ್ಮಡಿಗೆ ಹೊಡೆದು ನೋಡಲಿಲ್ವಾ? ದೊಡ್ಡದು ಎಂದು ನಿಮಗೆ ಗೊತ್ತಾಗಲಿಲ್ವಾ?"

"ಕಂಡ ಕೂಡಲೇ ಗೊತ್ತಾಯಿತು" ಎಂದರು. "ಆ ದಿನ ಭಯಂಕರ ಶೆಖೆ ಮಾರಾಯ. ಎದ್ದು ಹೊಡೆಯಲಿಕ್ಕೆ ಉದಾಸೀನ ಆಯಿತು."