ಇಡೀ ತರಗತಿ ಹಸಿರು

ಮಕ್ಕಳು ಅವರಿಗೆ ಇಟ್ಟ ಹೆಸರು ಬೆರಳು ಮಿಸ್. ಲೆಕ್ಕದ ಮಿಸ್ ಎಂದಿದ್ದರೆ ಸಾಕಾಗಿತ್ತು, ಆದರೆ ಮಕ್ಕಳು ಅಷ್ಟಕ್ಕೆ ಬಿಡುವ ಪೈಕಿಯೇ? "ಬೆರಳು ಬೆಂಚಿನ ಮೇಲಿಡಿ! ಕೆಳಗೆ ಬಚ್ಚಿಟ್ಕೊಂಡು ಎಣಿಸಿದ್ರೆ ನಂಗೇನು ಕಾಣುತ್ತೆ, ಮಣ್ಣು?" ಎಂದು ಅವರು ಕೂಗಿದರೆ ಪಕ್ಕದ ತರಗತಿಯ ಮಕ್ಕಳೂ ಕೈ ಮೇಲೆ ತೆಗೆಯುತ್ತಿದ್ದರು. ಬೇರೆ ಟೀಚರುಗಳು ಬೆರಳೆಣಿಸಿದರೆ ಗದರುತ್ತಿದ್ದರು, ಇವರು ಬೆರಳು ಬಚ್ಚಿಟ್ಟರೆ ಗದರುತ್ತಿದ್ದರು. ಮಗು ಯಾವ ಬೆರಳಿನ ಹತ್ತಿರ ತಡವರಿಸಿತು ಎಂದು ನೋಡಿದರೆ ಅದರ ತಲೆಯೊಳಗೆ ಎಲ್ಲಿ ಗಂಟು ಬಿದ್ದಿದೆ ಎಂದು ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಎಲ್ಲ ಸಲವೂ ತಿಳಿಯುತ್ತಿತ್ತು ಎಂದೇನಲ್ಲ. ತಪ್ಪು ತಿಳಿದು ಪಾಪದ ಮಕ್ಕಳನ್ನು ಸುಮ್ಮಸುಮ್ಮನೆ ಬೈದದ್ದೂ ಉಂಟು.

ಅವರ ತರಗತಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಅದರ ಹೆಸರು ತಾಳೆ. ಗುಣಾಕಾರ ಪೂರ್ತಿ ಮಾಡಿ ಮುಗಿಸಿದ ಮೇಲೆ, ಬಿಡಿ ಸ್ಥಾನದ ಅಂಕಿಗಳನ್ನಷ್ಟೇ ಮತ್ತೊಮ್ಮೆ ಗುಣಿಸಿ ನೋಡಬೇಕು. ಅದರ ಕೊನೆಯ ಅಂಕಿ ಉತ್ತರದ ಕೊನೆಯ ಅಂಕಿಗೆ ಹೊಂದದಿದ್ದರೆ ಎಲ್ಲೋ ಎಡವಿದ್ದೀಯ ಎಂದರ್ಥ, ಮತ್ತೆ ಮಾಡು. ಈ ಉಪಾಯ ಅವರಿಗೆ ಅವರ ಅಪ್ಪ ಹೇಳಿಕೊಟ್ಟದ್ದು. ಮಿಸ್ ಪಾಠ ಮಾಡಿದ ಮಕ್ಕಳು ಈಗ ಮಕ್ಕಳ ತಂದೆತಾಯಿಗಳಾಗಿ ಬೀದಿಯಲ್ಲಿ ಸಿಕ್ಕಾಗಲೂ "ಮಿಸ್, ತಾಳೆ ನೋಡಿದ್ರಾ?" ಎಂದು ಕೀಟಲೆ ಮಾಡುತ್ತಿದ್ದರು. ಮಿಸ್ಸಿಗೆ ಒಳಗೊಳಗೇ ಹೆಮ್ಮೆ.

ಟ್ಯಾಬುಗಳು ಬಂದಾಗ ಬೆರಳು ಮಿಸ್ ಮೂಗು ಮುರಿದರು ಎಂದು ನೀವು ಅಂದುಕೊಂಡರೆ ಅದು ಸುಳ್ಳು. ಎಲ್ಲರಿಗಿಂತ ಮೊದಲು ಕುಣಿದವರೇ ಅವರು. ಸಂಜೆ ಕಾಪಿ ಪುಸ್ತಕಗಳ ಚೀಲ ಹೊತ್ತು ಮನೆಗೆ ಹೋದರೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ದರ್ಜಿ ಗಂಡ ತಲೆಯೆತ್ತದೆ, "ಬಂದ್ರಾ ನನ್ನ ಸವತಿಯರು?" ಎನ್ನುತ್ತಿದ್ದರು. ಇನ್ನು ಆ ಚೀಲ ಇಲ್ಲ ಎಂದರೆ ಯಾರಿಗೆ ಬೇಡ!

ಟ್ಯಾಬು ಕಲಿಸಿಕೊಡಲು ಒಬ್ಬ ತರುಣ ಬಂದ. ಅವನು ಯಾವ ಪಾಠವನ್ನೂ ಮಾಡುತ್ತಿರಲಿಲ್ಲ, ಆದರೂ ಎಲ್ಲರೂ ಅವನನ್ನು ಟ್ಯಾಬ್ ಮೇಷ್ಟ್ರು ಎಂದರು. "ನೋಡಿ ಮಿಸ್, ಮಗುಗೆ ಒಂದು ಲೆಕ್ಕ ಬರುತ್ತೆ, ಕೆಳಗೆ ನಾಲ್ಕು ಉತ್ತರ. ಸರಿಯಾದ್ದನ್ನ ಒತ್ತಬೇಕು. ಚೆನ್ನಾಗಿ ಮಾಡಿದ್ರೆ ಹಸಿರು, ಸುಮಾರಾದ್ರೆ ಹಳದಿ, ಬರದೇ ಇದ್ರೆ ಕೆಂಪು. ಅಪ್ಪ ಅಮ್ಮನ ಫೋನಿಗೂ ಅದೇ ಬಣ್ಣ ಹೋಗುತ್ತೆ." ಮಿಸ್ ಕನ್ನಡಕ ಸರಿಮಾಡಿಕೊಂಡು ತಮ್ಮ ತರಗತಿಯ ಪಟ್ಟಿ ನೋಡಿದರು. ಯಾವ ಮಗು ಎಲ್ಲಿ ನಿಂತಿದೆ ಎಂದು ಒಂದೇ ನೋಟಕ್ಕೆ ಕಾಣುತ್ತಿತ್ತು. "ಅಯ್ಯೋ ಪುಣ್ಯಾತ್ಮ, ನೀನು ಮೊದಲೇ ಬರಬಾರದಿತ್ತಾ?" ಎಂದರು, ಮನಸ್ಸು ತುಂಬಿ.

ಒಂದೇ ಒಂದು ಮಾತು ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಹಿಂದುಳಿದವರನ್ನು ಮಧ್ಯಾಹ್ನ ಮೂಲೆಯ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿಕೊಡುವ ರೂಢಿ ಅವರದು. ಅದಕ್ಕೆ ಯಾರು ಬರಬೇಕು ಎಂದು ಇಷ್ಟು ವರ್ಷ ಅವರೇ ಆರಿಸುತ್ತಿದ್ದರು. ಈಗ ಹೆಡ್ ಮೇಷ್ಟ್ರು, "ಇನ್ಮೇಲೆ ಕೆಂಪು ಇರೋರು ಮಾತ್ರ ಮಿಸ್. ನಮ್ಮ ಕಣ್ಣಳತೆ ಎಲ್ಲ ಬೇಡ," ಎಂದರು. ಆಗಲಿ, ಎಂದುಕೊಂಡರು ಮಿಸ್.

ಆ ಮೂಲೆಯ ಕೋಣೆಗೆ ಬರುತ್ತಿದ್ದವರಲ್ಲಿ ಇಸ್ತ್ರಿ ಅಂಗಡಿಯವಳ ಮಗಳೊಬ್ಬಳು. ಸದಾ ಏನಾದರೂ ಚಿಲಿಪಿಲಿ ಎನ್ನುತ್ತಲೇ ಇರುವುದರಿಂದ ಅವಳನ್ನು ಎಲ್ಲರೂ ಗುಬ್ಬಚ್ಚಿ ಎನ್ನುತ್ತಿದ್ದರು. ಈ ವರ್ಷ ಮುಗಿದರೆ ಅವಳು ದೊಡ್ಡ ಶಾಲೆಗೆ ಹೋಗುವವಳು. ಅಲ್ಲಿ ಗುಣಾಕಾರ ಯಾರೂ ಹೇಳಿಕೊಡುವುದಿಲ್ಲ, ಬರುತ್ತದೆ ಎಂದುಕೊಂಡೇ ಮುಂದಿನ ಪಾಠ ಶುರುಮಾಡುತ್ತಾರೆ. ಗುಬ್ಬಚ್ಚಿಗೆ ಮಗ್ಗಿ ಬರುತ್ತಿತ್ತು, ದಶಕ ಬರುತ್ತಿರಲಿಲ್ಲ. ಏಳಾರಲಿ ನಲವತ್ತೆರಡು ಎನ್ನುವಳು, ಎರಡು ಬರೆಯುವಳು, ಆ ನಾಲ್ಕು ದಶಕ ಗಾಳಿಯಲ್ಲಿ ಹೋಗುತ್ತಿತ್ತು. ಮಿಸ್ ಅವಳ ಪಕ್ಕ ಕೂತು ಕಡ್ಡಿಗಳ ಕಂತೆ ಕಟ್ಟಿಸಿ, ಬಿಚ್ಚಿಸಿ, ಮತ್ತೆ ಕಟ್ಟಿಸಿ, ಅಂತೂ ಅವಳ ಕಣ್ಣಲ್ಲಿ ಏನೋ ಮಿನುಗುವ ಹೊತ್ತಿಗೆ ಗುಬ್ಬಚ್ಚಿ ಹಸಿರಾದಳು. ಹಸಿರಾದವರು ಮೂಲೆಯ ಕೋಣೆಗೆ ಬರುವಂತಿಲ್ಲ.

ಅವಳೊಬ್ಬಳೇ ಅಲ್ಲ, ವಾರದಿಂದ ವಾರಕ್ಕೆ ಒಬ್ಬೊಬ್ಬರಾಗಿ ಹಸಿರಾದರು. ಒಂದು ದಿನ ಪಟ್ಟಿ ತೆಗೆದರೆ ಇಡೀ ತರಗತಿ ಹಸಿರು! ಹೆಡ್ ಮೇಷ್ಟ್ರು ಬೆಳಗಿನ ಸಾಲಿನಲ್ಲಿ ಎಲ್ಲರ ಮುಂದೆ ಬೆರಳು ಮಿಸ್ಸಿಗೆ ಚಪ್ಪಾಳೆ ಹೊಡೆಸಿದರು. ಮಿಸ್ಸಿಗೆ ಕಣ್ಣು ತುಂಬಿತು. ಮೂಲೆಯ ಕೋಣೆಗೆ ಬೀಗ ಬಿತ್ತು. ಆ ದಿನ ಅದೂ ಅವರಿಗೆ ಸಂತೋಷದ ವಿಷಯವಾಗಿಯೇ ಕಂಡಿತು.

ಆಮೇಲೊಂದು ದಿನ ಕರೆಂಟು ಹೋಗಿ ಟ್ಯಾಬುಗಳೆಲ್ಲ ಸತ್ತು ಕೂತವು. ಸರಿ, ಹಳೆಯ ಬೋರ್ಡು ಇದೆಯಲ್ಲ. ಮಿಸ್ 347 ಗುಣಿಲೆ 6 ಎಂದು ಬರೆದು, "ಬಾರೇ ಗುಬ್ಬಚ್ಚಿ, ಮಾಡು," ಎಂದರು. ಗುಬ್ಬಚ್ಚಿ ಹಾರಿಕೊಂಡೇ ಬಂದಳು. ಬಿಡಿ ಸ್ಥಾನದಲ್ಲಿ ಎರಡು ಎಂದು ಬರೆದಳು. ಚಾಕ್‌ಪೀಸು ಕೆಳಗಿಟ್ಟು ಕೈ ಒರೆಸಿಕೊಂಡಳು.

"ಮುಂದೆ?"

"ಆಯ್ತಲ್ಲ ಮಿಸ್. ನೀವು ನಾಲ್ಕು ಉತ್ತರ ಬರೀರಿ, ಎರಡು ಕೊನೇಲಿರೋದನ್ನ ಆರಿಸ್ತೀನಿ."

ತರಗತಿಯಲ್ಲಿ ಯಾರೂ ನಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಎಲ್ಲರೂ ಮಿಸ್ಸಿನ ಮುಖವನ್ನೇ ನೋಡುತ್ತಿದ್ದರು. "ಮಿಸ್, ನೀವೇ ಹೇಳಿಕೊಟ್ಟಿದ್ದಲ್ವಾ, ತಾಳೆ!" ಎಂದ ಹಿಂದಿನ ಬೆಂಚಿನವನೊಬ್ಬ.

ಮಿಸ್ಸಿಗೆ ಆಗ ಹೊಳೆಯಿತು. ಮಕ್ಕಳು ಲೆಕ್ಕವನ್ನು ಬಿಟ್ಟು ತಾಳೆಯನ್ನು ಮಾತ್ರ ಇಟ್ಟುಕೊಂಡಿದ್ದರು. ಟ್ಯಾಬಿನ ನಾಲ್ಕು ಉತ್ತರಗಳ ಕೊನೆಯ ಅಂಕಿ ಬೇರೆಬೇರೆಯಾಗಿದ್ದರೆ ಇನ್ನೇನು ಬೇಕು? ಅಪ್ಪ ಕೊಟ್ಟ ಉಪಾಯ, ತಾವು ತಲೆಯ ಮೇಲೆ ಹೊತ್ತು ಮೆರೆಸಿದ ಉಪಾಯ! ಅಂದು ಹೊಡೆಸಿಕೊಂಡ ಚಪ್ಪಾಳೆ ನೆನಪಾಗಿ ಮುಖಕ್ಕೇ ಹೊಡೆದಂತಾಯಿತು.

ನೇರ ಹೆಡ್ ಮೇಷ್ಟ್ರ ಕೋಣೆಗೆ ಹೋದರು. ಟ್ಯಾಬ್ ಮೇಷ್ಟ್ರೂ ಅಲ್ಲೇ ಚಹಾ ಕುಡಿಯುತ್ತಿದ್ದ. ಮಿಸ್ ಒಂದೇ ಉಸಿರಿಗೆ ಎಲ್ಲ ಹೇಳಿದರು. "ನಾಲ್ಕೂ ಉತ್ತರದ ಕೊನೇಲಿ ಒಂದೇ ಅಂಕಿ ಬರೋ ಹಾಗೆ ಮಾಡಪ್ಪ. ದಶಕ ಮರೆತ್ರೆ ಯಾವ ಉತ್ತರ ಬರುತ್ತೋ ಅದನ್ನೂ ಒಂದು ಸೇರಿಸು. ಆಗ ಯಾವ ಮಗು ಎಲ್ಲಿ ಜಾರ್ತು ಅಂತ ನಿನ್ನ ಟ್ಯಾಬೇ ಹೇಳುತ್ತೆ."

ಟ್ಯಾಬ್ ಮೇಷ್ಟ್ರು ಲೋಟ ಕೆಳಗಿಟ್ಟ. ಅವನಿಗೆ ಮಾತು ಅರ್ಥವಾಯಿತು, ಅದು ಮುಖದಲ್ಲೇ ಕಂಡಿತು. "ಒಳ್ಳೇ ಮಾತು ಮಿಸ್. ಆದ್ರೆ ಪ್ರಶ್ನೆ ಎಲ್ಲ ಮೇಲಿಂದ ಬರುತ್ತೆ. ಒಂದು ಅಕ್ಷರ ಮುಟ್ಟೋಕೂ ನಂಗೆ ಅಧಿಕಾರ ಇಲ್ಲ."

ಹೆಡ್ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಮಿಸ್, ಹಸಿರು ಬಂದಾಗ ಖುಷಿಯಾಗಿದ್ರಿ. ಈಗ ಯಾಕೆ ಸುಮ್ನೆ ಇಲ್ಲದ ತಲೆನೋವು?"

"ಮಧ್ಯಾಹ್ನದ ಕೋಣೆ ಬೀಗ ತೆಗೆಸಿ ಸರ್, ಅಷ್ಟು ಸಾಕು. ಆ ಹುಡುಗಿ ಕಲಿಯೋಕೆ ಇನ್ನು ಸ್ವಲ್ಪ ದಿನ ಸಾಕು."

"ಕೆಂಪು ಯಾರೂ ಇಲ್ವಲ್ಲ ಮಿಸ್. ಯಾರಿಗೆ ಅಂತ ತೆಗೆಸಲಿ?"

ಅಲ್ಲಿಂದ ಮಿಸ್ ಇಸ್ತ್ರಿ ಅಂಗಡಿಗೆ ಹೋದರು. ಶಾಲೆ ಬಿಟ್ಟ ಮೇಲೆ ಮಗಳನ್ನು ತಮ್ಮ ಮನೆಗೆ ಕಳಿಸು ಎಂದು ಕೇಳೋಣ ಎಂಬ ಆಸೆ. ಕಾದ ಬಟ್ಟೆಯ ವಾಸನೆ, ಗೋಡೆಯುದ್ದಕ್ಕೂ ಮಡಿಸಿಟ್ಟ ಅಂಗಿಗಳು. ಗುಬ್ಬಚ್ಚಿಯ ಅಮ್ಮ ಮಿಸ್ಸನ್ನು ಕಂಡವಳೇ ಸೊಂಟದಿಂದ ಫೋನು ತೆಗೆದು ಹಸಿರು ಚುಕ್ಕೆಗಳ ಸಾಲು ತೋರಿಸಿದಳು. "ನೋಡಿ ಮಿಸ್, ಎಲ್ಲಾ ಹಸಿರು! ಗಿರಾಕಿಗಳಿಗೆಲ್ಲ ತೋರಿಸ್ತೀನಿ."

ಮಗಳಿಗೆ ಗುಣಾಕಾರ ಇನ್ನೂ ಬಂದಿಲ್ಲ ಎಂದು ಮಿಸ್ ನಯವಾಗಿಯೇ ಹೇಳಿದರು, ಆದರೂ ಅದು ನಯವಾಗಿ ಕೇಳಿಸಲಿಲ್ಲ. ಅಮ್ಮನ ಮುಖ ಸಣ್ಣಗಾಯಿತು, ಆಮೇಲೆ ಕೆಂಪಾಯಿತು. "ಅಂದ್ರೆ ನನ್ನ ಮಗಳು ದಡ್ಡಿ ಅಂತೀರಾ?"

"ದಡ್ಡಿ ಅಲ್ಲಮ್ಮ, ಒಂದು ಮೆಟ್ಟಿಲು ಬಿಟ್ಟು ಹತ್ತಿದ್ದಾಳೆ..."

"ನಂಗೆ ಓದು ಬರಲ್ಲ ಮಿಸ್, ಬಣ್ಣ ಗೊತ್ತಾಗುತ್ತೆ. ಹುಟ್ಟಿದಾಗಿನಿಂದ ಇವಳನ್ನ ಒಬ್ಬರಾದ್ರೂ ಜಾಣೆ ಅಂದಿರಲಿಲ್ಲ. ಈಗ ಒಂದು ಯಂತ್ರ ಅಂತಿದೆ, ನಿಮಗೆ ಅದೂ ಸಹಿಸೋಕಾಗಲ್ವಾ?" ಎಂದವಳೇ ಇಸ್ತ್ರಿ ಪೆಟ್ಟಿಗೆಯನ್ನು ದಪ್ಪೆಂದು ಇಟ್ಟಳು. ಮಿಸ್ ಬಂದ ದಾರಿಗೆ ಸುಂಕವಿಲ್ಲದವರಂತೆ ಹಿಂದಿರುಗಿದರು.

ಮನೆಯಲ್ಲಿ ದರ್ಜಿ, "ಬಿಟ್ಬಿಡೇ. ಅವರಿಗೇ ಬೇಡವಾದ್ದು ನಿಂಗ್ಯಾಕೆ?" ಎಂದರು. ಮಿಸ್ ಕಾಗದ ಹರಡಿಕೊಂಡು ಪ್ರಶ್ನೆ ಬರೆಯತೊಡಗಿದರು. ಬಿಟ್ಟುಬಿಡುವ ಹೆಂಗಸಾಗಿದ್ದರೆ ಈ ಕಥೆಯಾದರೂ ಯಾಕೆ ಬೇಕಿತ್ತು, ಹೇಳಿ.

ಟೀಚರು ತಾವಾಗಿ ಪರೀಕ್ಷೆ ಕೊಟ್ಟು ಅಂಕ ತುಂಬಲು ಟ್ಯಾಬಿನಲ್ಲಿ ಒಂದು ಜಾಗವಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಮಿಸ್ ಬಳಸಿದರು. ಪ್ರತಿ ಲೆಕ್ಕಕ್ಕೂ ನಾಲ್ಕು ಉತ್ತರ, ನಾಲ್ಕರ ಕೊನೆಯಲ್ಲೂ ಒಂದೇ ಅಂಕಿ. ಅದೇ 347 ಗುಣಿಲೆ 6ಕ್ಕೆ 2082, 1842, 2482, 2122. ಮಕ್ಕಳು ಕಾಗದ ನೋಡಿ ಕಣ್ಣು ಕಣ್ಣು ಬಿಟ್ಟರು. ಗುಬ್ಬಚ್ಚಿ ಎರಡು, ಎರಡು, ಎರಡು, ಎರಡು ಎಂದು ಬೆರಳಿಟ್ಟು ನೋಡಿದಳು. "ಮಿಸ್, ಇದು ಮೋಸ," ಎಂದಳು. ಆಮೇಲೆ ತಲೆ ಬೆಂಚಿನ ಮೇಲಿಟ್ಟು ಅತ್ತಳು. ಬಹುಪಾಲು ಮಕ್ಕಳು ಆರಿಸಿದ್ದು 1842, ದಶಕ ಮರೆತರೆ ಬರುವ ಉತ್ತರ. ಮಿಸ್ಸಿಗೆ ಬೇಕಾಗಿದ್ದದ್ದು ಇದೇ. ಅಂಕಗಳನ್ನು ತುಂಬಿ, ಇನ್ನು ಮೂಲೆಯ ಕೋಣೆಯ ಬೀಗ ತೆಗೆಯಲೇಬೇಕಲ್ಲ ಎಂದು ಕಾದು ಕೂತರು.

ಮೇಲಿನಿಂದ ಬಂದದ್ದು ಬೀಗದ ಕೈಯಲ್ಲ, ಒಬ್ಬ ಅಧಿಕಾರಿ. ಟೀಚರುಗಳನ್ನೆಲ್ಲ ಕೂರಿಸಿ ಗೋಡೆಯ ಮೇಲೆ ದೊಡ್ಡ ಚಿತ್ರ ಬಿಟ್ಟು ತೋರಿಸಿದರು. ಒಂದು ಕಂಬ ಎತ್ತರ, ಹಸಿರು. ಒಂದು ಕಂಬ ಗಿಡ್ಡ, ಕೆಂಪು. "ಒಂದೇ ಮಕ್ಕಳು, ಒಂದೇ ಪಾಠ. ಟ್ಯಾಬಿನಲ್ಲಿ ಇಷ್ಟು ಚೆನ್ನಾಗಿ ಮಾಡೋರು ಈ ಮಿಸ್ ಕೊಟ್ಟ ಪರೀಕ್ಷೇಲಿ ಹೀಗೆ ಬೀಳ್ತಾರೆ. ಹಾಗಾದ್ರೆ ತೊಂದರೆ ಎಲ್ಲಿದೆ?" ಎಂದು ಕೇಳಿದರು. ಯಾರೂ ಉತ್ತರ ಹೇಳಬೇಕಾಗಿರಲಿಲ್ಲ, ಎಲ್ಲರೂ ಮಿಸ್ಸಿನ ಕಡೆ ತಿರುಗಿದರು.

ಮಿಸ್ ಎದ್ದು ನಿಂತು ತಾಳೆ, ಬಿಡಿ, ದಶಕ ಎಂದು ಬಿಡಿಸಿ ಹೇಳಿದರು. ಸಿಟ್ಟಿಗೆ ನಾಲಿಗೆ ತೊದಲಿತು. ಅಧಿಕಾರಿ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ಈ ಅಡ್ಡದಾರಿ ಹೇಳಿಕೊಟ್ಟಿದ್ದು ನೀವೇ?" ಎಂದರು. ಮಿಸ್ ಕುರ್ಚಿಗೆ ಕೂತುಬಿಟ್ಟರು. ಟ್ಯಾಬ್ ಮೇಷ್ಟ್ರು ತನ್ನ ಬೂಟಿನ ತುದಿಯನ್ನೇ ನೋಡುತ್ತಾ ಕೂತಿದ್ದ. ಒಂದು ಮಾತು ಆಡಬಹುದಿತ್ತು ಅವನು. ಆಡಲಿಲ್ಲ. ಅವನ ಹೊಟ್ಟೆಪಾಡು ಅವನಿಗೆ, ಅನ್ನಿ.

ತರಗತಿಯನ್ನು ಮಿಸ್ಸಿನಿಂದ ಬಿಡಿಸಿದರು. ವರ್ಷ ಮುಗಿಯುವವರೆಗೆ ಮಕ್ಕಳು ಟ್ಯಾಬಿನಲ್ಲೇ ಲೆಕ್ಕ ಮಾಡಲಿ, ಮಿಸ್ ಟ್ಯಾಬುಗಳಿಗೆ ಚಾರ್ಜು ಹಾಕುವ ಕೆಲಸ ನೋಡಿಕೊಳ್ಳಲಿ ಎಂದಾಯಿತು. ಅದಕ್ಕೆಂದು ಕೊಟ್ಟ ಕೋಣೆ ಯಾವುದು ಗೊತ್ತೇ? ಅದೇ ಮೂಲೆಯದು. ಬೀಗ ತೆಗೆದರು ಕೊನೆಗೂ! ವೈರುಗಳ ನಡುವೆ ಸ್ಟೂಲಿನ ಮೇಲೆ ಕೂತು ಅವರು ಯಾವ ಟ್ಯಾಬು ಎಷ್ಟು ತುಂಬಿತು ಎಂದು ನೋಡುತ್ತಿದ್ದರು. ಬೆರಳು ಮಿಸ್ ಎಂದು ಈಗ ಯಾರೂ ಕರೆಯುತ್ತಿರಲಿಲ್ಲ.

ರಜೆಯ ಹಿಂದಿನ ದಿನ, ಶಾಲೆ ಬಿಡುವ ಹೊತ್ತಿಗೆ ಇಸ್ತ್ರಿ ಅಂಗಡಿಯವಳು ಮಗಳ ಕೈ ಹಿಡಿದು ಆ ಕೋಣೆಗೆ ಬಂದಳು. ಗುಬ್ಬಚ್ಚಿಗೆ ವರ್ಷದ ಕೊನೆಯ ಹಸಿರು ಬಂದಿತ್ತು, ದೊಡ್ಡ ಶಾಲೆಗೆ ಹೆಸರು ಹತ್ತಿತ್ತು. "ಅವತ್ತು ಬಾಯಿಗೆ ಬಂದ ಹಾಗೆ ಮಾತಾಡ್ಬಿಟ್ಟೆ ಮಿಸ್, ಮನಸ್ಸಲ್ಲಿ ಇಟ್ಕೋಬೇಡಿ. ಇವಳಿಗೆ ಒಂದು ಲೆಕ್ಕ ಕೊಟ್ಟು ನೋಡಿ. ನಿಮ್ಮ ಬಾಯಿಂದ ಒಂದ್ಸಲ ಜಾಣೆ ಅನ್ನಿಸ್ಕೊಳ್ಲಿ."

ಮಿಸ್ ಹುಡುಗಿಯನ್ನು ನೋಡಿದರು. ಒಂದು ಕಾಗದದ ಮೇಲೆ 58 ಗುಣಿಲೆ 4 ಎಂದು ಬರೆದು ಕೊಟ್ಟರು. ಗುಬ್ಬಚ್ಚಿ ಬಿಡಿ ಸ್ಥಾನದಲ್ಲಿ ಎರಡು ಬರೆದಳು. ಅಲ್ಲಿಗೆ ಪೆನ್ನು ನಿಂತಿತು. ಅಮ್ಮನ ಮುಖ ನೋಡಿದಳು, ಮಿಸ್ಸಿನ ಮುಖ ನೋಡಿದಳು. ಅಮ್ಮನ ನಗು ಇನ್ನೂ ಹಾಗೇ ಇತ್ತು, ಕಾಯುತ್ತಿತ್ತು.

ಇಲ್ಲೇ ಕೂತ್ಕೋ, ಕಡ್ಡಿ ತರ್ತೀನಿ, ಹೇಳಿಕೊಡ್ತೀನಿ ಎನ್ನಬೇಕೆಂದು ಮಿಸ್ಸಿಗೆ ನಾಲಿಗೆಯ ತುದಿಯವರೆಗೆ ಬಂತು. ಆದರೆ ನಾಳೆಯಿಂದ ರಜೆ, ಆಮೇಲೆ ಅವಳು ಇನ್ನೊಂದು ಶಾಲೆಯವಳು. ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಲೆಕ್ಕದ ಕೆಳಗೆ 206, 248, 232, 215 ಎಂದು ನಾಲ್ಕು ಉತ್ತರ ಬರೆದು ಹುಡುಗಿಯ ಮುಂದೆ ಸರಿಸಿದರು.

ಗುಬ್ಬಚ್ಚಿಯ ಬೆರಳು ಕಣ್ಣು ಮಿಟುಕಿಸುವಷ್ಟರಲ್ಲಿ 232ರ ಮೇಲಿತ್ತು.

"ನೋಡಿದ್ರಾ ಮಿಸ್, ಎಷ್ಟು ಬೇಗ!" ಎಂದಳು ಅಮ್ಮ.

"ನೋಡಿದೆ," ಎಂದರು ಮಿಸ್. "ಜಾಣೆ."