ಅವರ ಮಾತು ಮುಗಿಯುವವರೆಗೆ

ಬೆಳಿಗ್ಗೆ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆಯೆತ್ತಿ ಏನೋ ಹೇಳಿದರು. ಮಾತಿನ ಹಾಗೆಯೇ ಇತ್ತು. ಆದರೆ ಒಂದು ಪದವೂ ಪದವಾಗಿರಲಿಲ್ಲ. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬಲಗೈಯಿಂದ ಪೇಪರ್ ಜಾರಿ ಬಿತ್ತು.

ಸ್ಟ್ರೋಕ್.

ನಮ್ಮ ಮನೆಯಿಂದ ಆಸ್ಪತ್ರೆ ದೂರವೇನಲ್ಲ. ಆದರೂ ಆಟೋದಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಸ್ಕ್ಯಾನ್, ಐಸಿಯು, ಮತ್ತೆ ಸ್ಕ್ಯಾನ್. "ನೀವು ಹೇಳೋದು ಅವರಿಗೆ ಅರ್ಥ ಆಗುತ್ತೆ. ತಿರುಗಿ ಹೇಳೋಕೆ ಪದ ಸಿಗಲ್ಲ. ಅಫೇಸಿಯಾ ಅಂತೀವಿ," ಅಂದರು ಡಾಕ್ಟರ್. "ಇನ್ನೊಂದ್ಸಲ ಆಗದಂಗೆ ನೋಡ್ಕೋಬೇಕು."

ಇನ್ನೊಂದ್ಸಲ. ನನ್ನ ಕಿವಿಯಲ್ಲಿ ಉಳಿದದ್ದು ಅದೊಂದೇ.

ನಾನು ಗುಬ್ಬಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ಮಗ್ಗಿ ಹೇಳುವ ಮಗು ತಡವರಿಸಿದರೆ ಅರ್ಧ ಉತ್ತರ ನಾನೇ ಎತ್ತಿಕೊಡುತ್ತೇನೆ. ಮನೆಗೆ ಬಂದ ಮೇಲೆ ಇವರಿಗೂ ಅದನ್ನೇ ಮಾಡಿದೆ. ಬಾಯಿ ತೆರೆದರೆ ಸಾಕು, "ನೀರಾ? ಮಾತ್ರೆನಾ? ಫ್ಯಾನ್ ಹಾಕ್ಲಾ?" ಸಾಕಾಗಿ ಯಾವುದಕ್ಕೋ ತಲೆಯಾಡಿಸುತ್ತಿದ್ದರು. ಸುಧಾರಿಸುತ್ತಿದ್ದಾರೆ ಎಂದು ನಾನು ಹಿಗ್ಗುತ್ತಿದ್ದೆ.

ಸ್ಪೀಚ್ ಥೆರಪಿಸ್ಟ್ ಹುಡುಗಿ ಸ್ವಲ್ಪ ಹೊತ್ತು ನೋಡಿದಳು. "ಮೇಡಂ, ಪರೀಕ್ಷೆ ಸರ್‌ದು. ನೀವು ಬರೀತಿದೀರ. ಸುಮ್ನೆ ಕೂತು ಕಾಯಿರಿ."

ಕಾಯುವುದು ಅಷ್ಟು ಸುಲಭವೇ? ಅವರು ಒಂದು ಪದ ಹುಡುಕುತ್ತ ತಡೆದು ನಿಂತಾಗಲೆಲ್ಲ, ಇದು ಹುಡುಕಾಟವೋ ಇನ್ನೊಂದು ಸ್ಟ್ರೋಕೋ ಎಂದು ತಿಳಿಯುತ್ತಿರಲಿಲ್ಲ. ಆ ಮೌನ ತಡೆಯಲಾರದೆಯೇ ನಾನು ಮಾತು ತುಂಬುತ್ತಿದ್ದೆ.

ಭಾನುವಾರ ನೋಡಲು ಜನ ಬಂದರು. ಬ್ರೆಡ್ಡು, ಮೂಸಂಬಿ, ಎಳನೀರು, ಜೊತೆಗೆ ಒಂದೊಂದು ಕಥೆ. ನಿಟ್ಟೂರಿನ ನೆಂಟರೊಬ್ಬರು, ಎರಡನೇ ಸಲ ಹೊಡೆದು ಬಚ್ಚಲಲ್ಲೇ ಹೋದವರ ಕಥೆಯನ್ನು ರೋಗಿಯ ಎದುರೇ ಬಿಡಿಸಿ ಹೇಳಿದರು. ಅವರ ಬಾಯಿಗೆ ಬ್ರೆಡ್ಡು ತುರುಕಬೇಕೆನಿಸಿತು.

ಇವರು ನನ್ನ ಸೆರಗು ಎಳೆದರು. "ಇ... ಇದು..."

"ಮಲಗ್ಬೇಕಂತೆ ಕಣೇ," ಅಂದರು ಕುಣಿಗಲ್‌ನಿಂದ ಬಂದಿದ್ದ ಇವರ ಅಕ್ಕ.

ಇವರು ತಲೆ ಅಲ್ಲಾಡಿಸಿದರು. "ಇದು..."

"ಟಾಯ್ಲೆಟ್ಟಾ?" ಅಂದರು ಇನ್ಯಾರೋ.

ನನ್ನ ನಾಲಿಗೆಯ ತುದಿಯಲ್ಲೂ ನಾಲ್ಕು ಪದ ಇದ್ದವು. ನುಂಗಿಕೊಂಡೆ. "ಅತ್ತಿಗೆ, ಒಂದ್ನಿಮಿಷ ಸುಮ್ನಿರಿ." ಅವರ ಮುಖ ದಪ್ಪಗಾಯಿತು. ಆಗಲಿ. ಮಂಚದ ಅಂಚಿಗೆ ಕೂತು ಇವರ ಮುಖವನ್ನೇ ನೋಡಿದೆ. ಹಣೆಯಲ್ಲಿ ಬೆವರು. ತುಟಿ ಅದುರುತ್ತಿತ್ತು. ನನಗೆ ಅಳು ಬರುತ್ತಿತ್ತು.

ಕೊನೆಗೆ ನನ್ನ ಕೈ ಹಿಡಿದು ಹೊದಿಕೆಯ ಒಳಗೆ ಎಳೆದುಕೊಂಡರು. ಬಲ ಮೀನಖಂಡದ ಮೇಲೆ ಇಟ್ಟರು.

ಕಾಲು ಬಾತಿತ್ತು. ಸುಡುತ್ತಿತ್ತು.

"ನೋ...ವು," ಅಂದರು.

ಆಸ್ಪತ್ರೆಯಲ್ಲಿ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿದರು. "ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗಿದೆ. ಲಂಗ್ಸ್‌ಗೆ ಹೋಗಿದ್ರೆ ಕಷ್ಟ ಆಗ್ತಿತ್ತು. ಹೆಂಗೆ ಗೊತ್ತಾಯ್ತು ನಿಮಗೆ?" ಎಂದು ಡಾಕ್ಟರ್ ಕೇಳಿದರು.

"ಅವರೇ ಹೇಳಿದ್ರು," ಅಂದೆ.

ಮತ್ತೆ ಅಡ್ಮಿಟ್, ಇಂಜೆಕ್ಷನ್. ಈಗ ಮನೆಯಲ್ಲಿದ್ದಾರೆ. ಊತ ಇಳಿದಿದೆ. ಹೊಸದೊಂದು ಪದ ಬಂದ ದಿನ ದೇವರಿಗೆ ದೀಪ ಹಚ್ಚುತ್ತೇನೆ. ಭಯ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಅವರ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಅಷ್ಟಿಷ್ಟು ಬಂದಿದೆ.

ನಿನ್ನೆ ಸಂಜೆ ಕಾಫಿ ಕೊಟ್ಟು ಪಕ್ಕ ಕೂತೆ. "ನಿಂಗೆ..." ಅಂದರು. ಕಾದೆ. ಲೋಟದ ಕಾಫಿ ಆರಿತು. "ನಿಂಗೆ... ಹೆದ್ರಿಕೆ... ಆಗುತ್ತಾ?"

ಬಂದವರೆಲ್ಲ ಅವರನ್ನು ವಿಚಾರಿಸಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಏನಿಲ್ಲ ಬಿಡ್ರೀ, ಅನ್ನಲು ಹೊರಟೆ. ಪದ ಬರಲಿಲ್ಲ. ಅವರು ಅವಸರ ಮಾಡಲಿಲ್ಲ. ಎಡಗೈಯನ್ನು ನನ್ನ ಮೊಣಕಾಲ ಮೇಲಿಟ್ಟು ಕಾದರು.

"ಆಗುತ್ತೆ ಕಣ್ರೀ," ಅಂದೆ. "ತುಂಬಾ ಆಗುತ್ತೆ."

ಅವರು ಇನ್ನೂ ಕಾಯುತ್ತಿದ್ದರು. ನಾನು ಎಲ್ಲ ಹೇಳಿದೆ.